ಮೂರನೇ ದೇಶದ ಪುಟಗಳು

ಜೂನ್ ೧೪, ಶನಿವಾರ

ಮುದ್ದು ಪುಟ್ಟಿ,

ಹೇಗಿದ್ದೀಯ? ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದೆ, ಬೈದುಕೋ, ಬೇಜಾರಿಲ್ಲ. ಅಮ್ಮನ ಮಂಡಿನೋವು ಇಳಿದಿದೆ. ಬಾಯಿ ಮಾತ್ರ ಮೊದಲಿನಷ್ಟೇ ಜೋರು.

ಇಲಾಖೆಯಲ್ಲಿ ಒಂದು ಕೆಲಸ ನನ್ನ ತಲೆ ತಿಂದುಹಾಕಿತು. ವಿಶೇಷ ಆರ್ಥಿಕ ವಲಯಗಳಿಗೆ ಏಷ್ಯಾದ ಬೇರೆ ಬೇರೆ ದೇಶಗಳು ಯಾವ ನಿಯಮ ಮಾಡಿವೆ ಎಂದು ಹೋಲಿಸಿ ವರದಿ ಕೊಡಬೇಕಿತ್ತು. ಮೂರು ದೇಶ ಆರಿಸಿಕೊಂಡೆ. ಮೊದಲನೆಯದು ತೆರಿಗೆ ಬಿಟ್ಟುಕೊಟ್ಟಿತು. ರಿಯಾಯಿತಿ ಮುಗಿದದ್ದೇ ತಡ, ಕಾರ್ಖಾನೆಗಳು ಗಂಟುಮೂಟೆ ಕಟ್ಟಿದವು. ಎರಡನೆಯದು ಕಾರ್ಮಿಕ ಇನ್ಸ್‌ಪೆಕ್ಟರುಗಳನ್ನು ಗೇಟಿನಲ್ಲೇ ತಡೆಯಿತು. ಮೂರನೆಯದು ಹೇಳದೆ ಕೇಳದೆ ತಪಾಸಣೆಗೆ ಬರುವ ಹಕ್ಕು ಉಳಿಸಿಕೊಂಡು ಒಳ್ಳೆಯ ಬಂದರು, ಕೈಕೊಡದ ಕರೆಂಟು ಒದಗಿಸಿತು. ಅಲ್ಲಿಂದ ಯಾರೂ ಓಡಿಹೋಗಲಿಲ್ಲ.

ನಮ್ಮ ವಲಯದಲ್ಲಿ ತಪಾಸಣೆ ಉಳಿಸಬೇಕೇ ಎಂದು ತೀರ್ಮಾನಿಸುವ ಸಭೆಗೆ ಮುಂಚೆ ನಿರ್ದೇಶಕರು ಕರೆದರು. "ಆ ಮೂರನೇ ದೇಶ ಬೇಡಮ್ಮ, ತೆಗೆದುಬಿಡಿ. ಇನ್ಸ್‌ಪೆಕ್ಟರ್ ಕಾಟ ಇದ್ರೆ ಹೊಸ ಶೆಡ್ ಹಾಕಲ್ಲ ಅಂತಿದೆ ನಮ್ಮ ವಲಯದ ಬಟ್ಟೆ ಕಂಪನಿ."

"ತೆಗೆದ್ರೆ ಅದು ಹೋಲಿಕೆ ಹೇಗಾಗತ್ತೆ ಸಾರ್?"

ಅವರು ಪೆನ್ನಿಗೆ ಮುಚ್ಚಳ ಹಾಕಿದರು. "ನಿಮ್ಮ ತಂಗಿ ಅಲ್ಲೇ ಹೊಲಿಗೆಗೆ ಹೋಗ್ತಾರಲ್ವಾ? ಯೋಚ್ನೆ ಮಾಡಿ."

ಬಟ್ಟೆ ಕಳುವಾಗುತ್ತದೆಂದು ಪಾಳಿ ಮುಗಿಯುವವರೆಗೂ ನಿಮ್ಮ ಹೊಲಿಗೆಯ ಹಾಲ್‌ಗೆ ಹೊರಗಿನಿಂದ ಬೀಗ ಹಾಕುತ್ತಾರೆಂದು ಹೋದ ಸಲ ಬಂದಾಗ ಹೇಳಿದ್ದೆಯಲ್ಲ, ಅದೇ ಕಣ್ಣಮುಂದೆ ಬಂತು. ಒಳಗೆ ಬೆಂಕಿ ಬಿದ್ದರೆ? ನಿನ್ನ ಕೆಲಸ ಉಳಿಸಲೋ, ಜೀವ ಉಳಿಸಲೋ? ಕೊನೆಗೆ ಸಭೆಯಲ್ಲಿ ಮೂರನೇ ದೇಶದ ಪುಟಗಳನ್ನು ಗಟ್ಟಿಯಾಗಿ ಓದಿಬಿಟ್ಟೆ.

ಕಂಪನಿಯ ವಕೀಲ ನಡುವೆ ಬಾಯಿ ಹಾಕಿದ. "ನಮ್ಮಲ್ಲಿ ಏನು ತೊಂದ್ರೆ ಕಂಡ್ರಿ ಮೇಡಂ?"

"ಒಳಗೆ ಜನ ಇರುವಾಗ ಹೊರಗೆ ಬೀಗ ಇರತ್ತೆ" ಎಂದೆ. ನಿರ್ದೇಶಕರು ನನ್ನನ್ನು ಬಿಟ್ಟು ಗೋಡೆ, ಕಿಟಕಿ ಎಲ್ಲವನ್ನೂ ನೋಡಿದರು.

ತಪಾಸಣೆಯ ನಿಯಮ ಉಳಿಯಿತು. ನಿನ್ನೆ ಇನ್ಸ್‌ಪೆಕ್ಟರು ಬಂದು ಬೀಗ ತೆಗೆಸಿದರಂತೆ, ನಿಜವೇ? ನಿನ್ನನ್ನು ಯಾರಾದರೂ ಕೆಣಕಿದರೆ ನನ್ನಿಂದ ಮುಚ್ಚಿಡಬೇಡ. ಹೊಸ ಶೆಡ್ ಮಾತ್ರ ಕಂಪನಿ ಕೈಬಿಟ್ಟಿದೆ.

ಹೊಟ್ಟೆತುಂಬ ಉಣ್ಣು, ಕಣ್ತುಂಬ ನಿದ್ದೆ ಮಾಡು. ನಿನ್ನ ಕೂದಲೂ ಕೊಂಕದಿರಲಿ.

ಸದಾ ನಿನ್ನವಳೇ ಆದ
ಅಕ್ಕ

ತಾ.ಕ.: ನಿನ್ನ ಭಾವನ ಸುದ್ದಿ ಬರೆಯಲು ಕೈ ಬರಲಿಲ್ಲ. ಆ ಶೆಡ್ ಕಟ್ಟುವ ಗುತ್ತಿಗೆ ಅವರಿಗೇ ಸಿಗುವುದಿತ್ತು. "ತಂಗಿ ನೆನಪಾದ್ಲು, ಗಂಡ ನೆನಪಾಗ್ಲಿಲ್ಲ ಅಲ್ವಾ?" ಎಂದಷ್ಟೇ ಕೇಳಿ ಅವರ ಅಣ್ಣನ ಮನೆಗೆ ಹೊರಟರು. ಮಗಳು ಹೊಸ್ತಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡಿದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಅಪ್ಪನ ಹಿಂದೆ ನಡೆದಳು.