ಬೊಂಡವನ್ನು ಎಣ್ಣೆಗೆ ಹಾಕಿದ ಸಮಿತಿಗೆ

ಶಾಲಾ ಗ್ರಂಥಾಲಯಗಳಿಗೆ ಮಕ್ಕಳ ಪುಸ್ತಕ ಆರಿಸುವ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಕಾದಂಬರಿಯನ್ನು ನೀವು ತಿರಸ್ಕರಿಸಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ತಿರಸ್ಕಾರ ನನಗೆ ರೂಢಿಯಾಗಿದೆ. ಆದರೆ ನೀವು ಅದನ್ನು ಒಪ್ಪಿ ಷರತ್ತು ಹಾಕಿದಿರಿ: 'ಕಥೆಯ ಮಕ್ಕಳು ಪದೇ ಪದೇ ಬೊಂಡ ಸೇವಿಸುತ್ತಾರೆ. ಕರಿದ ತಿಂಡಿಗೆ ಇಷ್ಟು ಪ್ರಚಾರ ಸಲ್ಲದು. ಬಾಲಕಿಯು ಮರ ಹತ್ತಿ ಬೊಂಡ ಕೊಯ್ಯುವ ಪ್ರಸಂಗ ನಂಬಲರ್ಹವಲ್ಲ. ಈ ತಿಂಗಳೊಳಗೆ ತಿದ್ದಿ ಕಳುಹಿಸುವುದು.' ಮಾನ್ಯರೇ, ಉಡುಪಿಯಿಂದ ಹೆಜಮಾಡಿಯವರೆಗೆ ಯಾರನ್ನಾದರೂ ಕೇಳಿ. ನಮ್ಮಲ್ಲಿ ಬೊಂಡ ಅಂದರೆ ಎಳನೀರು. ಅದು ಮರದಲ್ಲೇ ಆಗುತ್ತದೆ. ಅದನ್ನು ಎಣ್ಣೆಗೆ ಹಾಕಿದವರು ಭೂಮಿಯ ಮೇಲೆ ನೀವೇ ಮೊದಲಿಗರು.

ನನ್ನ ಯೋಗ್ಯತೆಯನ್ನೂ ಹೇಳಿಬಿಡುತ್ತೇನೆ. ಬಂದರಿಗಾಗಿ, ಭೂಮಿಗಾಗಿ, ಬಸ್ಸಿಗಾಗಿ ಧಿಕ್ಕಾರ ಕೂಗಿ ಗಂಟಲು ಹರಿದುಕೊಂಡವನು ನಾನು. ಇನ್ನು ದೊಡ್ಡವರನ್ನು ತಿದ್ದಲಾಗದು ಎಂದು ಖಾತ್ರಿಯಾದ ಮೇಲೆ ಮಕ್ಕಳ ಮೇಲೆ ಬಿದ್ದೆ. 'ಕಾಪು ಕಡಲಿನ ಕಂಚಿನ ಗಂಟೆ' ಎಂಬ ಐತಿಹಾಸಿಕ ಪತ್ತೇದಾರಿ ಸಾಹಸ ಕಾದಂಬರಿ ಬರೆದೆ. ಕೆಮ್ಮಣ್ಣಿನಲ್ಲಿ ಮಕ್ಕಳಿಗಾಗಿ ವಾಚನಾಲಯ ನಡೆಸುವ ಬೆನೆಡಿಕ್ಟಾ ಟೀಚರ್ ಅದರ ಮೊದಲ ಅಧ್ಯಾಯವನ್ನು ಗಟ್ಟಿಯಾಗಿ ಓದಿದರು. ನನ್ನ ಹನ್ನೆರಡು ವರ್ಷದ ನಾಯಕ ಕಳ್ಳನನ್ನು ಕಂಡೊಡನೆ 'ಎಲವೋ ಊಳಿಗಮಾನ್ಯ ಶಕ್ತಿಗಳ ಬಾಲಬಡುಕನೇ' ಎಂದು ಶುರುಮಾಡಿ ಮೂರು ಪುಟ ಮಾತಾಡುತ್ತಿದ್ದ. ಟೀಚರ್ ಕನ್ನಡಕ ತೆಗೆದು ಕೇಳಿದರು: "ಎಂತ ಶೀನಣ್ಣ, ಇದು ಮಕ್ಕಳ ಕಥೆಯಾ, ಬಂದ್ ಕರೆಯಾ? ಅಷ್ಟು ಹೊತ್ತಿಗೆ ಕಳ್ಳ ಬಸ್ಸು ಹತ್ತಿ ಮಂಗಳೂರು ಮುಟ್ಟಿರ್ತಾನೆ ಮಾರಾಯ!" ಮಕ್ಕಳು ಬಿದ್ದು ಬಿದ್ದು ನಕ್ಕರು. ಭಾಷಣ ಹೋಯಿತು.

ಆಮೇಲೆ ಒಗಟು ಹೋಯಿತು. ಗಂಟೆ ಎಲ್ಲಿದೆ ಎಂಬುದನ್ನು ನಾನು ತಾಳೆಗರಿಯಲ್ಲಿ ಬರೆಸಿದ್ದೆ. ಏಳನೆಯ ತರಗತಿಯ ಮೋಕ್ಷಾ ಮೂಗು ಮುರಿದಳು. "ತಾಳೆಗರಿ ಎಲ್ಲ ಪುಸ್ತಕದಲ್ಲೂ ಉಂಟು ಶೀನಜ್ಜ. ಬೊಂಡ ಹಾಕಿ. ನಮ್ಮ ದಾವಣಗೆರೆ ಭಾವನಿಗೆ ಬೊಂಡ ಕುಡಿತೀರಾ ಅಂತ ಕೇಳಿದ್ದಕ್ಕೆ, ಅದನ್ನು ಕುಡಿಯೋದು ಹೇಗೆ ಅಂತ ನನ್ನನ್ನೇ ನೋಡಿದ್ರು!" ಅಲ್ಲಿಂದ ಹುಟ್ಟಿತು ನಮ್ಮ ಒಗಟು. ಕಾರ್ಕಳದಿಂದ ಕಾಣೆಯಾದ ಕಂಚಿನ ಗಂಟೆಯನ್ನು ಕಾಪುವಿನಲ್ಲಿ ಬಚ್ಚಿಟ್ಟ ದೋಣಿಯವನು ಪ್ರಾಣ ಬಿಡುವಾಗ ಹೇಳಿದ ಮಾತು ಅವನ ಮನೆಯವರ ಬಾಯಲ್ಲಿ ಉಳಿದಿದೆ: 'ಗಂಟೆ ಕೆಂಪು ಬೊಂಡದ ಬುಡದಲ್ಲಿ ಉಂಟು.' ಹೊರಗಿನಿಂದ ಬಂದ ಕಳ್ಳ ಅದನ್ನು ಕೇಳಿ, ಕೆಂಪಗೆ ಕರಿದ ಬೊಂಡಕ್ಕೆ ಹೆಸರಾದ ಉಡುಪಿಯ ಹೋಟೆಲೊಂದರ ಅಡುಗೆಮನೆ ಅಗೆಯುತ್ತಾನೆ. ಮಕ್ಕಳು ಕಾಪು ಕಡಲತೀರದ ತೋಟದಲ್ಲಿ ಕೆಂಪು ಬೊಂಡ ಬಿಡುವ ಒಂದೇ ಒಂದು ಮರ ಹುಡುಕುತ್ತಾರೆ. ನಾನು ಮುನ್ನೂರು ವರ್ಷದ ಹಿಂದಿನ ಗಂಟೆ ಎಂದು ಬೀಗಿದಾಗ ಅದೇ ಮೋಕ್ಷಾ, "ತೆಂಗಿನ ಮರ ಅಷ್ಟು ವರ್ಷ ಬದುಕ್ತದಾ ಶೀನಜ್ಜ?" ಎಂದಳು. ಇನ್ನೂರು ವರ್ಷಕ್ಕೂ ಮಿಕ್ಕ ಇತಿಹಾಸವನ್ನು ಒಂದೇ ಸಂಜೆ ಕಿತ್ತೆಸೆದೆ. ಅರಸರು ಹೋಗಿ ಬ್ರಿಟಿಷರು ಬಂದರು.

ಈಗ ಹೇಳಿ ಮಾನ್ಯರೇ, ನನ್ನ ಕಳ್ಳ ಮಾಡಿದ ತಪ್ಪನ್ನೇ ಅಲ್ಲವೇ ನೀವೂ ಮಾಡಿದ್ದು? ಒಗಟು ಕೆಲಸ ಮಾಡುತ್ತದೆ ಎಂಬುದಕ್ಕೆ ನಿಮಗಿಂತ ದೊಡ್ಡ ಸಾಕ್ಷಿ ಬೇಕೇ?

ಫೋನಿನಲ್ಲಿ ವಿವರಿಸಿದೆ. ನಿಮ್ಮ ಕಚೇರಿ ಒಂದಿಷ್ಟೂ ಮುಜುಗರಪಡದೆ, "ಹಾಗಾದರೆ ಎಳನೀರು ಅಂತಲೇ ಬರೀರಿ, ಇಡೀ ರಾಜ್ಯಕ್ಕೆ ಅರ್ಥ ಆಗುತ್ತೆ" ಎಂದಿತು. ಲಾಠಿಗೆ ಬಗ್ಗದ ಈ ವೀರ ಏನು ಮಾಡಿದ ಗೊತ್ತೇ? ಹೂಂ ಎಂದ. ನಾಡಿನ ಎಲ್ಲ ಶಾಲೆಗಳ ಕಪಾಟಿನಲ್ಲಿ ತನ್ನ ಹೆಸರು ಕಣ್ಣಿಗೆ ಕಟ್ಟಿ, ಮಣಿಪಾಲದ ಡಿಟಿಪಿ ಅಂಗಡಿಗೆ ಓಡಿದ. ಅಲ್ಲಿನ ವಿಜೇತಾ, "ಒಂದು ಸಲ ಒತ್ತಿದ್ರೆ ಸಾಕು ಸರ್, ಎಲ್ಲ ಬದಲಾಗ್ತದೆ" ಎಂದಳು. ಜೀವಮಾನವಿಡೀ ನಾನು ಕಾದಿದ್ದ ಕ್ರಾಂತಿ! ಒತ್ತಿದೆವು. ಎಲ್ಲವೂ ಬದಲಾಯಿತು. ಹೋಟೆಲಿನಲ್ಲಿ ಕೂತ ಕಳ್ಳನು 'ಬಿಸಿಬಿಸಿ ಎಳನೀರನ್ನು ಚಟ್ನಿಯಲ್ಲಿ ಅದ್ದಿ ಎರಡೇ ತುತ್ತಿಗೆ ಮುಗಿಸಿದನು'. ಒಗಟೋ, ಒಗಟಾಗಿ ಉಳಿಯಲೇ ಇಲ್ಲ. ಕೆಂಪು ಎಳನೀರಿನ ಬುಡ ಎಂದು ಕೇಳಿದವನು ಸೀದಾ ಮರದ ಬುಡಕ್ಕೇ ಹೋಗುತ್ತಾನೆ. ನನ್ನ ನಾಯಕ ಹಲ್ಲುಜ್ಜುವ ಮೊದಲೇ ಕಥೆ ಮುಗಿಯುತ್ತದೆ.

ತಿದ್ದಿದ ಪುಟಗಳನ್ನು ವಾಚನಾಲಯದಲ್ಲಿ ಓದಿದೆವು. ಚಟ್ನಿಯ ಸಾಲಿಗೆ ಮಕ್ಕಳು ಹೊಟ್ಟೆ ಹಿಡಿದುಕೊಂಡರು. ಮೋಕ್ಷಾ ನಗಲಿಲ್ಲ.

"ನಮ್ಮ ಶಬ್ದ ತಪ್ಪಾ ಶೀನಜ್ಜ?"

"ತಪ್ಪಲ್ಲ ಮಗಾ."

"ಮತ್ತೆ ಯಾಕೆ ತೆಗೆದದ್ದು?"

ಮೈಕು ಸಿಕ್ಕರೆ ಬಿಡದ ನಾನು ತಿದ್ದಿದ ಪುಟಗಳನ್ನು ಮಡಚಿಕೊಂಡು ಮನೆಗೆ ಬಂದು ಈ ಪತ್ರಕ್ಕೆ ಕೂತೆ. ನಮ್ಮ ಮಕ್ಕಳು ತುಳುವನ್ನೋ ಕೊಂಕಣಿಯನ್ನೋ ಶಾಲೆಯ ಗೇಟಿನ ಹೊರಗೆ ಬಿಟ್ಟು, ಕನ್ನಡವನ್ನು ಇಸ್ತ್ರಿ ಹಾಕಿದ ಅಂಗಿಯಂತೆ ತೊಟ್ಟು ಒಳಗೆ ಬರುತ್ತಾರೆ. ಆ ಅಂಗಿಯ ಜೇಬಿನಲ್ಲಿ ಊರಿನ ಒಂದು ಶಬ್ದ ಇಟ್ಟುಕೊಂಡರೆ ರಾಜ್ಯಕ್ಕೆ ಏನು ಧಕ್ಕೆ? ದಾವಣಗೆರೆಯ ಮಗು ಈ ಪುಸ್ತಕ ಓದಿ ಮೋಸಹೋಗಲಿ, ಆಮೇಲೆ ಬಾಯ್ತುಂಬ ನಗಲಿ. ಕನ್ನಡ ಎಷ್ಟು ದೊಡ್ಡದು ಎಂದು ಅದಕ್ಕೆ ತಿಳಿಯುವುದು ಹಾಗೆಯೇ ಅಲ್ಲವೇ?

ಆದುದರಿಂದ ನನ್ನ ಹಕ್ಕೊತ್ತಾಯ ಇಷ್ಟೇ. ಪುಸ್ತಕ ಬರುವುದಾದರೆ ಬೊಂಡದೊಂದಿಗೇ ಬರುತ್ತದೆ. ಪುಟದಡಿಯಲ್ಲಿ ಅರ್ಥ ಹಾಕುವುದಿಲ್ಲ. ಹಾಕಿದರೆ ಕಳ್ಳನೂ ಓದುತ್ತಾನೆ. ಆಗದಿದ್ದರೆ ಇಡೀ ಪುಸ್ತಕ ತಿರಸ್ಕರಿಸಿ. 'ಶಬ್ದ ತಪ್ಪಲ್ಲ, ಅದಕ್ಕೇ ತೆಗೆಯಲಿಲ್ಲ, ಪುಸ್ತಕ ಬರಲಿಲ್ಲ' ಎಂದು ಮೋಕ್ಷಾಳಿಗೆ ನಾನು ಹೇಳಬಲ್ಲೆ. ಇನ್ನೂ ಸಂಶಯವಿದ್ದರೆ ಕೆಮ್ಮಣ್ಣಿಗೇ ಬನ್ನಿ. ಅವಳೇ ನಿಮಗೊಂದು ಬೊಂಡ ಕೆತ್ತಿ ಕೊಡುತ್ತಾಳೆ. ಚಟ್ನಿ ಕೇಳಬೇಡಿ, ಮಕ್ಕಳು ನಗಲು ಕಾದು ಕೂತಿದ್ದಾರೆ.

ಇಂತಿ,
ಕ್ರಾಂತಿಯ ಗುಂಡಿ ಒತ್ತಿ ಎಳನೀರಿಗೆ ಚಟ್ನಿ ಹಚ್ಚಿದ
ಶೀನ, ಕೆಮ್ಮಣ್ಣು