ಬೀಪ್ ಆದ ಮೇಲೆ ಎರಡು ಮಾತು

ಭಾನುವಾರ, ೧೪ನೇ ತಾರೀಖು
ಮನೆ, ಹೊಸ ಫೋನಿರುವ ಮೇಜಿನ ಕೆಳಗೆ

ತೀರ್ಥರೂಪ ಸಮಾನಳೂ, ನನ್ನ ಎಡಗಿವಿಯ ಮೇಲೆ ಬಾಲ್ಯದಿಂದಲೂ ಹಕ್ಕು ಸ್ಥಾಪಿಸಿದವಳೂ ಆದ ಅಕ್ಕನಿಗೆ,

ನಿನ್ನ ಬಾಲ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಈ ಸಲ ಬಾಯಿಮಾತಿನ ಸಾಷ್ಟಾಂಗವಲ್ಲ. ನಿಜಕ್ಕೂ ನೆಲದ ಮೇಲೆ ಬೋರಲು ಬಿದ್ದುಕೊಂಡೇ ಬರೆಯುತ್ತಿದ್ದೇನೆ. ಮೇಜಿನ ಮೇಲೆ ಫೋನಿದೆ, ಅದರ ಮುಖ ನೋಡುವ ಧೈರ್ಯ ನನಗಿಲ್ಲ.

ನಿನ್ನ ಹಿಂದಿನ ಪತ್ರ ಬಂದು ತಿಂಗಳುಗಳೇ ಆದವು. ಕೊನೆಯ ಸಾಲಿನಲ್ಲಿ, ಯಾರ ಕಣ್ಣಿಗೂ ಬೀಳದಿರಲಿ ಅನ್ನುವಷ್ಟು ಸಣ್ಣ ಅಕ್ಷರದಲ್ಲಿ, "ಅಪ್ಪ ನನ್ನ ಸುದ್ದಿ ಎತ್ತುತ್ತಾರೇನೋ?" ಅಂತ ಕೇಳಿದ್ದೆ. ಉತ್ತರ ಬರೆಯಲು ಕೂತಾಗಲೆಲ್ಲ ಪೆನ್ನು ಮುಷ್ಕರ ಹೂಡಿತು. ತಪ್ಪಾಯ್ತು. ಇವತ್ತು ಬರೆಯುತ್ತಿರುವುದೂ ಶೌರ್ಯದಿಂದಲ್ಲ, ಫೋನ್ ಮಾಡಿದರೆ ನೀನು ನಂಬುವುದಿಲ್ಲ ಅಂತ. ನನ್ನ ಗಂಟಲಲ್ಲಿ ಅರ್ಧ ಊರೇ ಬಾಡಿಗೆಗಿದೆ, ಯಾವಾಗ ಯಾರು ಬಾಗಿಲು ತೆಗೆಯುತ್ತಾರೋ ಗೊತ್ತಾಗುವುದಿಲ್ಲ ಅಂತ ನೀನೇ ಬೈಯುತ್ತಿದ್ದೆಯಲ್ಲ. ಅಕ್ಷರದಲ್ಲಿ ಆ ತಾಪತ್ರಯ ಇಲ್ಲ. ಈ ಕಾಗೆಕಾಲು ನನ್ನೊಬ್ಬನದೇ.

ಆದ್ದರಿಂದ ಮುಖ್ಯ ವಿಷಯ ಮೊದಲು. ಗುರುವಾರ ಮಧ್ಯಾಹ್ನ, ಎರಡು ವರ್ಷದ ಮೇಲೆ, ನೀನು ಮನೆಗೆ ಫೋನ್ ಮಾಡಿದೆ. ಆಗ ನೀನು ಕೇಳಿದ್ದು ಅಪ್ಪನ ದನಿಯಲ್ಲ. ನನ್ನದು. ಪತ್ರ ಹರಿದು ಹಾಕುವುದಿದ್ದರೆ ಈ ಸಾಲನ್ನು ಇನ್ನೊಂದು ಸಲ ಓದಿ ಹರಿ.

ಇನ್ನು ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಾನು ಕೆಲಸಕ್ಕಿರುವ ಎಲೆಕ್ಟ್ರಿಕಲ್ ಅಂಗಡಿಯ ಗಾಜಿನ ಕಪಾಟಿನಲ್ಲಿ ಒಂದು ಕಾರ್ಡ್‌ಲೆಸ್ ಫೋನು ಬಹಳ ದಿನದಿಂದ ಕೂತಿತ್ತು. ಬಿಸಿಲಿಗೆ ಒಂದು ಕೆನ್ನೆ ಹಳದಿಯಾಗಿತ್ತು. ಯಜಮಾನರು, "ತಗೊಂಡು ಹೋಗೋ, ನೋಡಿ ನೋಡಿ ನನಗೂ ಅದಕ್ಕೂ ಬೇಜಾರಾಗಿದೆ" ಅಂದರು. ಎಂಥ ಫೋನು ಅಂತೀಯಾ! ಕೈಗೆ ಬರುವ ಕೈಫೋನು ಒಂದು, ಅದು ಕೂರುವ ಪೀಠ ಒಂದು. ಯಾರೂ ಎತ್ತದಿದ್ದರೆ ಪೀಠವೇ ಮಾತಾಡುತ್ತದೆ. ಆಮೇಲೆ ಬೀಪ್ ಅಂದು, ಆ ಕಡೆಯವರು ಹೇಳಿದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಹೇಳಿದ ಮಾತು ನೆನಪಿಟ್ಟುಕೊಳ್ಳುವ ಮೊದಲ ಪ್ರಾಣಿ ಅದು.

ಮೊದಲ ಸಲ ಒಂದಿಡೀ ದಿನ ಚಾರ್ಜಿಗೆ ಇಡಬೇಕು, ಅಲ್ಲಿಯವರೆಗೆ ಯಾರೂ ಮುಟ್ಟಕೂಡದು ಅಂತ ಅಪ್ಪಣೆ ಹೊರಡಿಸಿದೆ. ಅಮ್ಮ ದೂರದಲ್ಲೇ ನಿಂತು, "ನೀನು ಹುಟ್ಟಿದಾಗ ನಿನಗೂ ಇಷ್ಟು ಉಪಚಾರ ಮಾಡಿರಲಿಲ್ಲ ಕಣೋ" ಅಂದಳು.

"ಮಾಡಿದ್ದರೆ ನಾನೂ ಹೀಗೆ ದೀಪ ಬಿಡ್ತಿದ್ದೆ" ಅಂದೆ.

ಮಾರನೇ ದಿನ ಚಿಕ್ಕಮ್ಮನ ಫೋನ್ ಬಂತು. ಅಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು, ಪೀಠಕ್ಕೆ ಮೂಗು ತಾಗಿಸಿಕೊಂಡೇ ನಿಂತು ಮಾತಾಡಿದಳು. "ಅಮ್ಮಾ, ದಾರ ಇಲ್ಲ, ಓಡಾಡು" ಅಂದರೆ, "ದಾರ ಇಲ್ಲ ಅಂತ ನನಗೂ ಕಾಣ್ತಿದೆ. ಮಾತು ಕೆಳಗೆ ಬಿದ್ದರೆ ನೀನು ಎತ್ತಿಕೊಡ್ತೀಯಾ?" ಅಂದಳು. ಒಂದು ವಾರದಲ್ಲಿ ಎಷ್ಟು ಪಳಗಿದಳೆಂದರೆ ಫೋನನ್ನು ಎಲ್ಲಿ ಬೇಕೆಂದರಲ್ಲಿ ಮರೆತು ಬರತೊಡಗಿದಳು. ಪೀಠದಲ್ಲಿ ಒಂದು ಗುಂಡಿ ಇದೆ, ಒತ್ತಿದರೆ ಕಳೆದುಹೋದ ಫೋನು ಇದ್ದಲ್ಲಿಂದಲೇ ಕೂಗಿಕೊಳ್ಳುತ್ತದೆ. ಒಂದು ದಿನ ತರಕಾರಿ ಬುಟ್ಟಿಯ ತಳದಿಂದ ಕೂಗು ಬಂತು. "ಅಯ್ಯೋ, ಬದನೆಕಾಯಿ ಅಳ್ತಿದೆ!" ಅಂತ ಅಮ್ಮ ನಕ್ಕ ನಗು ಕೇಳಬೇಕಿತ್ತು ನೀನು. ಈ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು.

ಅಪ್ಪ ಮಾತ್ರ ಆಗ ಫೋನಿನ ಹತ್ತಿರ ಸುಳಿಯುತ್ತಿರಲಿಲ್ಲ. ರಿಂಗಾದರೆ ಅಮ್ಮನ ಕಡೆ ಕೈ ತೋರಿಸುತ್ತಿದ್ದರು. ಯಾಕೆಂದು ಆಮೇಲೆ ಹೇಳುತ್ತೇನೆ. ಅದನ್ನು ಹೇಳಲೇಬೇಕಲ್ಲ ಅಂತಲೇ ಇಷ್ಟು ಸುತ್ತು ಹೊಡೆಯುತ್ತಿದ್ದೇನೆ.

ಪೀಠಕ್ಕೆ ಮಾತು ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. "ಮನೆಯಲ್ಲಿ ಯಾರೂ ಇಲ್ಲ, ದಯವಿಟ್ಟು ಸಂದೇಶ ಬಿಡಿ" ಅಂತ ಸಭ್ಯ ಮನುಷ್ಯರು ಹೇಳುತ್ತಾರೆ. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು ಇಡೀ ಜನ್ಮ ಬಸ್ಸುಗಳ ಹೆಸರು ಕೂಗಿದ ಮಹಾನುಭಾವರ ಮಗ ಅಷ್ಟಕ್ಕೆ ಬಿಡುತ್ತಾನೆಯೇ? ಅಪ್ಪ ಪ್ರಕಟಣೆಗೆ ಮುಂಚೆ ಮೈಕಿನ ಮೇಲೆ ಉಗುರಿನಿಂದ ಮೂರು ಸಲ ತಟ್ಟುತ್ತಿದ್ದರಲ್ಲ, ನಾವಿಬ್ಬರೂ ಸ್ಕೂಲು ಬಿಟ್ಟು ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದಾಗ ಆ ಟಕ್ ಟಕ್ ಟಕ್ ಕೇಳಿದರೆ, "ಈಗ ಅಪ್ಪ" ಅಂತ ನೀನು ಹೇಳುತ್ತಿದ್ದೆ. ನಾನೂ ಹಾಗೇ ಮೂರು ಸಲ ತಟ್ಟಿ, ಅಪ್ಪನ ಆ ಗಡಿಗೆಯೊಳಗಿನ ದನಿ ತೆಗೆದು ಘೋಷಿಸಿದೆ: "ಪ್ರಯಾಣಿಕರ ಗಮನಕ್ಕೆ. ಈ ಮನೆಯ ಸಮಸ್ತ ಸದಸ್ಯರೂ ಹೊರಟು ನಿಂತಿದ್ದಾರೆ. ತಮ್ಮ ಮಾತಿನ ಸಾಮಾನು ಸರಂಜಾಮುಗಳನ್ನು ಬೀಪ್ ಆದ ಮೇಲೆ ಇಳಿಸಿ ಹೋಗಬೇಕಾಗಿ ವಿನಂತಿ."

ಜೋರಾಗಿ ಹಾಕಿ ಕೇಳಿಸಿದೆ. ಅಮ್ಮ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಓಡಿಬಂದಳು. ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು, ಸೌಟಿನಿಂದ ನೆಲಕ್ಕೆ ತೊಟ್ಟಿಕ್ಕುವುದನ್ನು ನೋಡಿದಳು, ಒಳಗೆ ಹೋದಳು. ಅಪ್ಪ ಕುರ್ಚಿಯಲ್ಲಿ ಮುಖ ಮುಚ್ಚಿಕೊಂಡಿದ್ದರು, ಭುಜ ಕುಲುಕುತ್ತಿತ್ತು. ನಗುತ್ತಿದ್ದಾರೆ ಅಂದುಕೊಂಡೆ. ಕೈಯಾಡಿಸಿ ಇನ್ನೊಂದು ಸಲ ಹಾಕು ಅಂದರು. ಹಾಕಿದೆ. ಮತ್ತೊಂದು ಸಲ ಅಂತ ಬೆರಳೆತ್ತಿದರು. ನನಗೆ ಕೋಡು ಮೂಡಿತು.

ಕೋಡು ಮೂಡಿದವನು ಸುಮ್ಮನಿರುತ್ತಾನೆಯೇ? ಗುರುವಾರ ಅಪ್ಪ ಅಮ್ಮ ಹೊರಗೆ ಹೋಗಿದ್ದರು. ಇನ್ಶೂರೆನ್ಸ್ ಮಾಮನ ಕಾಟ ನಿನಗೆ ಗೊತ್ತಲ್ಲ, ಕಂತು ಕಟ್ಟುವುದನ್ನು ನಾವು ನಡುವೆ ಬಿಟ್ಟದ್ದಕ್ಕೆ ದಿನಾ ಫೋನ್ ಮಾಡಿ ಪ್ರಾಣ ತಿನ್ನುತ್ತಾನೆ. ಅವನಿಗೊಂದು ಪಾಠ ಕಲಿಸೋಣ ಅಂತ ಹಳೆಯದನ್ನು ಅಳಿಸಿ ಹೊಸ ಪ್ರಕಟಣೆ ತುಂಬಿದೆ. ಅದೇ ಮೂರು ತಟ್ಟು, ಅದೇ ದನಿ: "ಪ್ರಯಾಣಿಕರ ಗಮನಕ್ಕೆ. ಹತ್ತಿದ ಬಸ್ಸಿನಿಂದ ನಡುದಾರಿಯಲ್ಲಿ ಇಳಿದವರಿಗೆ ಈ ನಿಲ್ದಾಣದಲ್ಲಿ ಜಾಗವಿಲ್ಲ. ಪದೇ ಪದೇ ವಿಚಾರಿಸಬಾರದು."

ಅಕ್ಕಾ, ಆ ಮಾತು ಎಲ್ಲಿಯದು ಅಂತ ನನಗೆ ಗೊತ್ತಿರಲಿಲ್ಲ ಅಂತ ಬರೆಯಲು ಕೈ ತವಕಿಸುತ್ತಿದೆ. ಸುಳ್ಳು. ಗೊತ್ತಿತ್ತು. ಗಂಡನ ಮನೆ ಸಾಕು ಅಂತ ಸೂಟ್‌ಕೇಸ್ ಹಿಡಿದು ನೀನು ಬಂದ ದಿನ, ಬಾಗಿಲಲ್ಲೇ ನಿಲ್ಲಿಸಿ ಅಪ್ಪ ಅಂದಿದ್ದರಲ್ಲ, "ಹತ್ತಿದ ಬಸ್ಸಿನಿಂದ ನಡುದಾರಿಯಲ್ಲಿ ಇಳಿಯಬಾರದು" ಅಂತ. ನಾನು ಅವರ ಬೆನ್ನ ಹಿಂದೆ ನಿಂತಿದ್ದೆ. ನೀನು ಚಪ್ಪಲಿ ಕೂಡ ಬಿಚ್ಚದೆ ತಿರುಗಿ ಹೋದೆ. ಆ ಮಾತು ಅಪ್ಪನ ಬಾಯಲ್ಲಿ ಬಹಳ ಗಂಭೀರವಾಗಿ ಮೂಡಿತ್ತು, ತಮಾಷೆಗೆ ಒದಗುತ್ತದೆ ಅಂತ ಎತ್ತಿಟ್ಟುಕೊಂಡಿದ್ದೆ. ಇನ್ಶೂರೆನ್ಸ್ ಮಾಮನ ಮೇಲೆ ಖರ್ಚು ಮಾಡಿದೆ. ನೋವಾದದ್ದು ಯಾರಿಗೆ ಅಂತ ನೆನಪಾಗದಷ್ಟು ಚೆನ್ನಾಗಿ ಕೇಳಿಸಿತು.

ತುಂಬಿಸಿ, ಕೈಫೋನು ಹಿಡಿದು ಬೀದಿಗೆ ಹೋದೆ, ಎಷ್ಟು ದೂರದವರೆಗೆ ನಡೆಯುತ್ತದೆ ನೋಡೋಣ ಅಂತ. ಗೇಟಿನವರೆಗೆ ಸರಿ ಇತ್ತು. ಇಸ್ತ್ರಿ ಅಂಗಡಿಯವರೆಗೂ ಎಳೆದುಕೊಂಡು ಬಂತು. ಮೂಲೆಯ ಕ್ಷೌರದಂಗಡಿಯಲ್ಲಿ ನನ್ನ ಗೆಳೆಯ ಗೂಬೆಗೆ ತೋರಿಸುವ ಹೊತ್ತಿಗೆ, ಪೀಠದ ಕೈಗೆ ಸಿಗದಷ್ಟು ದೂರ ಬಂದೆ ಅಂತ ಫೋನು ಕುಂಯ್ ಅಂದು ಮಲಗಿತು. "ಇಷ್ಟೇನಾ ನಿನ್ನ ವಿಮಾನ?" ಅಂದ ಗೂಬೆ. ಅವನ ಜೊತೆ ಹಲ್ಲು ಕಿಸಿಯುತ್ತಾ ನಿಂತೆ. ಅದೇ ಹೊತ್ತಿಗೆ ಮನೆಯಲ್ಲಿ ಪೀಠ ಒಂದೇ ಸಮನೆ ರಿಂಗಾಗಿ, ಯಾರೂ ಎತ್ತದೆ, ನಿನಗೆ ಪ್ರಕಟಣೆ ಓದಿತು.

ನಾನು ವಾಪಸ್ ಬರುವಷ್ಟರಲ್ಲಿ ಅಪ್ಪ ಅಮ್ಮ ಬಂದಾಗಿತ್ತು. ಕೆಂಪು ದೀಪ ಮಿನುಗುತ್ತಿತ್ತು. ಅಪ್ಪ ಬಾಗಿ ಗುಂಡಿ ಒತ್ತಿದರು. ನೀನು ಕೆಲಸ ಮಾಡುವ ಲಾಂಡ್ರಿಯ ಇಸ್ತ್ರಿ ಯಂತ್ರ ಬುಸ್ ಅಂತ ಆವಿ ಬಿಟ್ಟದ್ದು, ಯಾರೋ ತಳ್ಳುಗಾಡಿ ಎಳೆದದ್ದು, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಕೊನೆಗೆ ನೀನು: "ಸರಿ, ಅಪ್ಪ."

ಅಷ್ಟೇ. ಕಟ್.

ನಿನಗೆ ಏನು ಕೇಳಿಸಿದೆ ಅಂತ ನನಗೊಬ್ಬನಿಗೇ ಗೊತ್ತು. ಆದರೆ ಅಪ್ಪನ ಮುಖ ನೋಡಬೇಕಿತ್ತು ನೀನು! ನನ್ನ ಹೊಸ ಪ್ರಕಟಣೆ ಅವರು ಕೇಳಿರಲಿಲ್ಲವಲ್ಲ, ಹಳೆಯದೇ ಇದೆ ಅಂದುಕೊಂಡಿದ್ದಾರೆ. ಮಗಳು ಎರಡು ವರ್ಷದ ಸಿಟ್ಟು ಬಿಟ್ಟು, ತಾನಾಗಿ ಫೋನ್ ಮಾಡಿ, "ಸರಿ ಅಪ್ಪ" ಅಂದಿದ್ದಾಳೆ ಅಂತ ಅವರ ಲೆಕ್ಕ. ಅಮ್ಮನ ಭುಜ ಹಿಡಿದು ಅಲುಗಾಡಿಸಿದರು. ಅಮ್ಮ ಕಣ್ಣೊರೆಸಿಕೊಂಡು, "ಕೇಳಿಸ್ತು ರೀ, ನನಗೂ ಕಿವಿ ಇದೆ" ಅಂದಳು. ಅವತ್ತಿನಿಂದ ಕೈಫೋನು ಅಪ್ಪನ ಅಂಗಿಯ ಜೇಬಿನಲ್ಲೇ ಇದೆ. ಸ್ನಾನಕ್ಕೆ ಹೋಗುವಾಗ ಮಾತ್ರ ಅಮ್ಮನ ಕೈಗೆ ಕೊಡುತ್ತಾರೆ. ದಿನಾ ಊಟವಾದ ಮೇಲೆ ಗುಂಡಿ ಒತ್ತಿ ನಿನ್ನ ಎರಡು ಮಾತು ಕೇಳುತ್ತಾರೆ. ನಾನು ತಟ್ಟೆ ನೋಡುತ್ತಾ ಕೂತಿರುತ್ತೇನೆ. ಪ್ರಕಟಣೆಯನ್ನು ಅವತ್ತೇ ಕದ್ದು ಅಳಿಸಿದೆ. ನಿನ್ನ ಕಿವಿಯಿಂದ ಅಳಿಸುವ ಗುಂಡಿ ಮಾತ್ರ ಈ ಫೋನಿನಲ್ಲಿಲ್ಲ.

ಅಪ್ಪನಿಗೆ ಇನ್ನೂ ಹೇಳಿಲ್ಲ. ಈ ಪತ್ರವನ್ನು ಡಬ್ಬಿಗೆ ಹಾಕಿ ಬಂದು ಹೇಳುತ್ತೇನೆ. ಮೊದಲೇ ಹೇಳಿದರೆ, ಬರೆಯಲು ಕೈಯಲ್ಲಿ ಬಲ ಉಳಿಯುವುದಿಲ್ಲ.

ನನ್ನನ್ನು ಕ್ಷಮಿಸು ಅಂತ ಕೇಳುವುದಿಲ್ಲ. ನನ್ನ ಪಾಲಿನದು ನಿಧಾನವಾಗಿ ಬರಲಿ, ಎಡಗಿವಿ ನಿನ್ನದೇ. ಅಮ್ಮ ನಿನ್ನ ಹೆಸರಿಗೆ ದಿನಾ ಹೇಳುವ ಆಶೀರ್ವಾದವನ್ನೇ ಇಲ್ಲಿ ಇಳಿಸುತ್ತೇನೆ: "ಹೊತ್ತಿಗೆ ಸರಿಯಾಗಿ ಉಣ್ಣಲಿ, ಆವಿಗೆ ಕೈ ಸುಟ್ಟುಕೊಳ್ಳದಿರಲಿ, ಎಲ್ಲಿದ್ದರೂ ತಲೆ ಎತ್ತಿಕೊಂಡಿರಲಿ."

ಇಂತು, ನಾಚಿಕೆಗೆ ಮುಖವಿಲ್ಲದ
ನಿನ್ನ ಬಾಲ

ಮರೆತು ಉಳಿದದ್ದಲ್ಲ, ಹೆದರಿ ಉಳಿಸಿಕೊಂಡದ್ದು:

ನೀನು ಕೇಳಿದ್ದು ಅಪ್ಪನ ದನಿಯಲ್ಲ ಅನ್ನುವುದಕ್ಕೆ ನನ್ನ ಮಾತು ಸಾಕ್ಷಿಯಾಗುವುದಿಲ್ಲ, ಗೊತ್ತು. ಬೇರೆ ಸಾಕ್ಷಿ ಇದೆ. ಅಪ್ಪನಿಗೆ ಈಗ ದನಿಯೇ ಇಲ್ಲ, ಅಕ್ಕಾ. ಗಂಟಲಲ್ಲಿ ಗೆಡ್ಡೆಯಾಗಿತ್ತು. ನಿನ್ನ ಪತ್ರ ಬಂದ ವಾರವೇ ಆಪರೇಷನ್ ಆಯಿತು. ಗೆಡ್ಡೆಯ ಜೊತೆ ದನಿಪೆಟ್ಟಿಗೆಯನ್ನೂ ತೆಗೆದರು. ಜೀವಕ್ಕೆ ಭಯವಿಲ್ಲ ಅಂದಿದ್ದಾರೆ. ಗುರುವಾರ ಹೋಗಿದ್ದದ್ದೂ ಅದನ್ನೇ ತೋರಿಸಲು. ಆಸ್ಪತ್ರೆಗೆ ಸೇರುವ ಮುಂಚೆ ಅಪ್ಪ ನಿನ್ನ ಲಾಂಡ್ರಿಯ ನಂಬರನ್ನು ಅರ್ಧ ಒತ್ತಿ ಇಟ್ಟುಬಿಟ್ಟರು. "ಬಂದ ಮೇಲೆ ನಿಧಾನವಾಗಿ ಮಾತಾಡ್ತೀನಿ ಬಿಡು" ಅಂದರು. ನನಗೆ ನೆನಪಿರುವ ಅವರ ಕೊನೆಯ ಮಾತು ಅದು. ನಿನಗೆ ತಿಳಿಸಬಾರದು ಅಂತ ನನ್ನಿಂದ ಆಣೆ ಹಾಕಿಸಿಕೊಂಡಿದ್ದರು, ಮರುಕಪಟ್ಟು ಬರಬಾರದಂತೆ. ಅಮ್ಮ ಸೌಟು ಹಿಡಿದು ಓಡಿಬಂದದ್ದು ದನಿ ವಾಪಸ್ ಬಂತು ಅಂತ. ಅಪ್ಪ ನಗುತ್ತಿರಲಿಲ್ಲ.

ನಿನ್ನೆ ಸಂಜೆ ನಿನಗೊಂದು ಫೋನ್ ಬಂತಲ್ಲ, ಆ ಕಡೆ ಯಾರೂ ಮಾತಾಡದೆ ಮೂರು ಸಲ ತಟ್ಟಿದ್ದು? "ಬಾಲಾ, ಇನ್ನೂ ಮುಗಿದಿಲ್ವಾ ನಿನ್ನ ಕಪಿಚೇಷ್ಟೆ? ಸಾಕು ಮಾಡು" ಅಂತ ಇಟ್ಟೆ. ಸ್ಪೀಕರಿನಲ್ಲಿ ಇಡೀ ಹಾಲಿಗೆ ಕೇಳಿಸಿತು. ಫೋನಿನಲ್ಲಿ ಹಾಗೆ ತಟ್ಟಿ ನಿನ್ನನ್ನು ಆಟವಾಡಿಸುತ್ತಿದ್ದವನು ಯಾವಾಗಲೂ ನಾನೇ, ಆದರೆ ನಿನ್ನೆಯದು ನಾನಲ್ಲ, ಅಕ್ಕಾ. ಅವರ ಹತ್ತಿರ ಉಳಿದಿದ್ದದ್ದು ಆ ತಟ್ಟು ಒಂದೇ, ಅದನ್ನೂ ನಾನು ಮೊದಲೇ ಕದ್ದು ಖರ್ಚು ಮಾಡಿಬಿಟ್ಟಿದ್ದೆ.

ಇನ್ನು ಮೇಲೆ ನಾನು ತಟ್ಟುವುದಿಲ್ಲ. ಅವರು ಮತ್ತೆ ಫೋನ್ ಮಾಡುತ್ತಾರೆ, ಜೇಬಿನ ಮೇಲೆ ಕೈ ಇಟ್ಟುಕೊಂಡು ಕೂತಿರುವುದು ನೋಡಿದರೆ ಗೊತ್ತಾಗುತ್ತದೆ. ತಟ್ಟಿದ ಸದ್ದು ಕೇಳಿದರೆ ಇಡಬೇಡ. "ಸರಿ ಅಪ್ಪ" ಅನ್ನಬೇಡ, ಅದನ್ನು ಆಗಲೇ ಹೇಳಿದ್ದೀಯ, ಅದು ಸರಿಯೂ ಆಗಿರಲಿಲ್ಲ. ಬೈ. ಎರಡು ವರ್ಷದ್ದೆಲ್ಲ ಬೈ, ಅವರು ತಿರುಗಿ ಮಾತಾಡಲಾರರು. ನಿನ್ನದು ಮುಗಿಯುವವರೆಗೂ ಕೇಳುತ್ತಾರೆ.