ಐದು ಗಂಟೆಯ ಲಾಂಚಿಗೆ ಬಾ

ಬಂದರಿನ ಸಂಕೇತ ಕಚೇರಿ
ಅಕ್ಟೋಬರ್ ೧೭, ಗುರುವಾರ, ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ತಂಗಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಎರಡು ಕಾಗದಗಳು ಬಂದು ತಿಂಗಳಾಯಿತು. ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡ. ದೊಡ್ಡವಳ ಹಲ್ಲು ಬಿದ್ದ ಸುದ್ದಿ ಓದಿ ನಕ್ಕೆ. ಚಿಕ್ಕವಳ ಕೆಮ್ಮಿಗೆ ಔಷಧಿ ತಂದೆ. ಅದು ಇನ್ನೂ ನನ್ನ ಮೇಜಿನ ಮೇಲೆಯೇ ಇದೆ. ನಿಮ್ಮ ದ್ವೀಪದ ಫೋನು ಸತ್ತು ಎಂಟು ದಿನವಾಯಿತು, ಇಲ್ಲದಿದ್ದರೆ ಬಾಯಲ್ಲೇ ಹೇಳುತ್ತಿದ್ದೆ. ಈ ಕಾಗದ ಬರುವ ಲಾಂಚ್ ಮೂರಕ್ಕೆ ನಿಮ್ಮಲ್ಲಿ ತಲುಪಿ ಐದಕ್ಕೆ ಹಿಂದಿರುಗುತ್ತದೆ. ನಾಳೆಯಿಂದ ಲಾಂಚಿಲ್ಲ. ಮಕ್ಕಳನ್ನು ಕರೆದುಕೊಂಡು ನೀವಿಬ್ಬರೂ ಅದರಲ್ಲೇ ಬಂದುಬಿಡಿ. ಹೇಳಬೇಕಾದದ್ದು ಇಷ್ಟೇ, ಇನ್ನುಳಿದದ್ದು ಯಾಕೆ ಎನ್ನುವುದರ ಕಥೆ.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ದಿನಕ್ಕೆ ನಾಲ್ಕು ಸಲ ದೊಡ್ಡ ಕಚೇರಿಯಿಂದ ಚಂಡಮಾರುತ ಎಲ್ಲಿದೆ ಎಂದು ಸಂದೇಶ ಬರುತ್ತದೆ. ಗೋಡೆಯ ನಕಾಶೆಯಲ್ಲಿ ಅಲ್ಲಿಗೊಂದು ಗುಂಡುಸೂಜಿ ಚುಚ್ಚಿ, ಹಿಂದಿನ ಸೂಜಿಯಿಂದ ಕೆಂಪು ದಾರ ಎಳೆಯುತ್ತೇನೆ. ಆದೇಶ ಬಂದರೆ ಗಾಳಿಯ ಎಚ್ಚರಿಕೆಯಾಗಿ ಹೊರಗಿನ ಕಂಬಕ್ಕೆ ಕಪ್ಪು ಬುಟ್ಟಿ ಏರಿಸಬೇಕು, ಇಳಿಸುವುದಕ್ಕೂ ಆದೇಶವೇ ಬರಬೇಕು. ರೇಡಿಯೊ ಏನೇ ಒದರಲಿ, ನಿಮ್ಮ ದ್ವೀಪದವರು ದುರ್ಬೀನು ಹಿಡಿದು ನೋಡುವುದು ಆ ಬುಟ್ಟಿಯನ್ನೇ.

ಸೋಮವಾರದಿಂದ ಈ ದಾರ ಕುಡಿದವನ ನಡಿಗೆಯಂತೆ ಹೋಗಿದೆ. ಒಂದು ದಿನ ಉತ್ತರಕ್ಕೆ, ಮರುದಿನ ಪಶ್ಚಿಮಕ್ಕೆ. ನಿನ್ನೆ ಇಡೀ ದಿನ ನಿಂತಲ್ಲೇ ನಿಂತಿತ್ತು. ಒಂದೇ ತೂತಿಗೆ ನಾಲ್ಕು ಸಲ ಸೂಜಿ ಚುಚ್ಚಿದೆ. ಓಡುವ ಗಾಳಿಗಿಂತ ನಿಂತ ಗಾಳಿಗೆ ನಾನು ಹೆಚ್ಚು ಹೆದರುತ್ತೇನೆ. ಬೆಚ್ಚಗಿನ ನೀರಿನ ಮೇಲೆ ಕೂತು ಅದು ಮೈ ಬೆಳೆಸಿಕೊಳ್ಳುತ್ತದೆ.

ದೊಡ್ಡ ಕಚೇರಿಯಲ್ಲಿ ಲೆಕ್ಕ ಹಾಕುವ ಹುಡುಗಿಗೆ ಫೋನು ಮಾಡಿದೆ. "ಎಲ್ಲಿಗಮ್ಮಾ ಹೊರಟಿದೆ ನಿನ್ನ ಸವಾರಿ?" ಅಂದೆ.

"ಮೇಡಂ, ಮೂರು ಕಂಪ್ಯೂಟರು ಮೂರು ಮಾತು ಹೇಳ್ತಿವೆ. ಒಂದು ದಕ್ಷಿಣ ಅನ್ನುತ್ತೆ, ಇನ್ನೊಂದು ಅದಕ್ಕಿಂತ ದಕ್ಷಿಣ ಅನ್ನುತ್ತೆ."

"ಮೂರನೇದು?"

"ಮೂರನೇದು ನಿಮ್ಮ ಎದುರಿನ ದ್ವೀಪ ಅನ್ನುತ್ತೆ. ನಾವು ಮೂರನ್ನೂ ಕೂಡಿಸಿ ನಡುವೆ ಒಂದು ಗೆರೆ ಎಳೆದಿದ್ದೀವಿ."

ಪತ್ರಿಕೆಯಲ್ಲಿ ಬಂದದ್ದು ಆ ಗೆರೆಯೇ. ಅದು ನಿಮ್ಮ ದ್ವೀಪದಿಂದ ನಲವತ್ತು ಮೈಲಿ ದೂರದಲ್ಲಿ ಹಾದುಹೋಗಿದೆ. ನಿನ್ನ ಯಜಮಾನರು ಅದನ್ನು ಅಂಗಡಿಯಲ್ಲಿ ಎಲ್ಲರಿಗೂ ತೋರಿಸಿದರಂತೆ. "ಚಂಡಮಾರುತಕ್ಕೂ ನಮ್ಮ ಬುಟ್ಟಿ ಅತ್ತಿಗೆಗೂ ಆಗಿಬರಲ್ಲ. ಅವರು ಬುಟ್ಟಿ ಏರಿಸಿದ್ರೆ ಸಾಕು, ಅದು ಮುನಿಸ್ಕೊಂಡು ಬೇರೆ ಕಡೆ ಹೋಗುತ್ತೆ" ಅಂದರಂತೆ. ಲಾಂಚ್ ಡ್ರೈವರ್ ಬಂದು ಹೇಳಿದಾಗ ನಾನೂ ನಕ್ಕೆ. ಹೋದ ವರ್ಷ ಎರಡು ಸಲ ನಿಮ್ಮನ್ನು ಕರೆಸಿಕೊಂಡೆ. ಎರಡು ಸಲವೂ ಬಟ್ಟೆ ಒಣಗುವಷ್ಟು ಗಾಳಿಯೂ ಬೀಸಲಿಲ್ಲ. ಅವರು ಕಟ್ಟುತ್ತಿರುವ ದೋಣಿ ಅರ್ಧಕ್ಕೆ ನಿಂತಿದೆ, ಹಲಗೆಗಳನ್ನು ಬಿಟ್ಟು ಬರಲು ಬಡಗಿಗೆ ಮನಸ್ಸಾಗುವುದಿಲ್ಲ ಎಂಬುದೂ ಗೊತ್ತು. ಆದರೆ ಅವರಿಗೆ ಹೇಳು: ಆ ಗೆರೆ ಗಾಳಿಯ ದಾರಿಯಲ್ಲ. ಮೂವರು ಮೂರು ದಿಕ್ಕು ತೋರಿಸಿದಾಗ ನಡುವೆ ನಿಂತವರು ಎಳೆದದ್ದು ಅದು. ಅದರ ಎರಡೂ ಪಕ್ಕಕ್ಕೆ ನೂರು ಮೈಲಿ ಗಾಳಿಯದೇ.

ಮಧ್ಯಾಹ್ನ ಹನ್ನೆರಡೂವರೆ

ಸಂದೇಶ ಬಂತೆಂದು ಕಾಗದ ಅರ್ಧಕ್ಕೆ ಬಿಟ್ಟಿದ್ದೆ. ನಿಂತಿದ್ದ ಚಂಡಮಾರುತ ಎದ್ದಿದೆ. ಆರು ಗಂಟೆಯಲ್ಲಿ ಎಂಬತ್ತು ಮೈಲಿ ಬಂದಿದೆ. ನನ್ನ ದಾರ ಅವರ ಗೆರೆ ಬಿಟ್ಟು ನಿಮ್ಮ ಕಡೆಗೆ ಸರಿದಿದೆ. ಮತ್ತೆ ತಿರುಗಿದರೂ ತಿರುಗೀತು. "ನನ್ನನ್ನ ಕೇಳಿದ್ರೆ ಮೇಡಂ..." ಎಂದು ಫೋನಿನಲ್ಲಿ ಶುರುಮಾಡಿದ ಹುಡುಗಿ, ಮತ್ತೆ ಬರೀ ಅಂಕಿಗಳನ್ನು ಓದಿದಳು.

ಹೊರಗೆ ಗಾಳಿಯಿಲ್ಲ. ಸಮುದ್ರ ಎಣ್ಣೆ ಸುರಿದಂತೆ ನುಣ್ಣಗಿದೆ. ಆದರೆ ಉದ್ದುದ್ದ ಅಲೆಗಳು ಸದ್ದಿಲ್ಲದೆ ಬಂದು ಕಟ್ಟೆಯ ಮೇಲಿನ ಮೆಟ್ಟಿಲು ಮುಟ್ಟಿ ಹೋಗುತ್ತಿವೆ. ಬೆಳಿಗ್ಗೆ ನಿಮಿಷಕ್ಕೆ ಎಂಟಿದ್ದವು, ಈಗ ಐದು. ಅಲೆಗಳ ನಡುವಿನ ಬಿಡುವು ಹೆಚ್ಚಿದಷ್ಟೂ ಅವನ್ನು ಕಳಿಸಿದ ಗಾಳಿ ದೊಡ್ಡದು. ಏಡಿಗಳು ಕಚೇರಿಯ ಬಾಗಿಲವರೆಗೆ ಹತ್ತಿ ಕೂತಿವೆ; ಗುಡಿಸಿ ತಳ್ಳಿದರೂ ಮತ್ತೆ ಬರುತ್ತಿವೆ.

ಡ್ರೈವರ್ ಕಿಟಕಿಯಲ್ಲಿ ತಲೆ ತೂರಿಸಿ, "ಅಕ್ಕಾ, ಕಾಗದ ಬರೀತಿದೀರೋ ಪುರಾಣ ಬರೀತಿದೀರೋ?" ಅನ್ನುತ್ತಿದ್ದಾನೆ. ನನ್ನ ಮನೆಯ ಹಿಂದಿನ ಕೋಣೆಯಲ್ಲಿ ನಾಲ್ಕು ಹಾಸಿಗೆ ಹಾಸಿದ್ದೇನೆ. ನಿನ್ನ ಯಜಮಾನರು ಉಳಿ, ಗರಗಸಗಳನ್ನಷ್ಟೇ ಕಟ್ಟಿಕೊಂಡು ಬರಲಿ, ದೋಣಿಯನ್ನು ಮತ್ತೆ ಕಟ್ಟಬಹುದು. ನೀವು ನಾಲ್ವರೂ ನೂರು ಕಾಲ ಬಾಳಿ. ನನ್ನ ಕೈ ಮಕ್ಕಳ ನೆತ್ತಿಯ ಮೇಲಿದೆ ಎಂದುಕೋ.

ನಿನ್ನ ಅಕ್ಕ

ತಾ.ಕ.: ಡ್ರೈವರನಿಗೆ ಇನ್ನೈದು ನಿಮಿಷ ನಿಲ್ಲು ಎಂದಿದ್ದೇನೆ. ಇದನ್ನು ನೀನೊಬ್ಬಳೇ ಓದು.

ಅಪ್ಪ ಸಮುದ್ರದ ಪಾಲಾಗಿ ಒಂಬತ್ತು ವರ್ಷ. ಆವತ್ತಿಗೆ ಬುಟ್ಟಿ ಏರಿಸಿ ಮೂರು ದಿನವಾಗಿತ್ತು, ಗಾಳಿ ಬೇರೆ ಕಡೆ ತಿರುಗಿತು ಎಂದು ಎಲ್ಲರೂ ಹೇಳುತ್ತಿದ್ದರು. ದೋಣಿಯವರು ಕಟ್ಟೆಯ ಮೇಲೆ ಕೂತು, "ಬುಟ್ಟಿ ಇಳಿಸಮ್ಮಾ, ಹಕ್ಕಿ ಮೊಟ್ಟೆ ಇಟ್ಟೀತು" ಎಂದು ನಗುತ್ತಿದ್ದರು. ನನಗೆ ನಾಚಿಕೆಯಾಯಿತು. ಹನ್ನೊಂದು ಗಂಟೆಗೆ ಇಳಿಸಿಬಿಟ್ಟೆ. ಅವರೆಲ್ಲ ಇನ್ನೂ ದೋಣಿಗೆ ಬಲೆ ತುಂಬಿಸುತ್ತಿದ್ದರು. ಅಪ್ಪ ಮಾತ್ರ ನಿಮ್ಮ ಅಂಗಳದಿಂದ ಬರಿದಾದ ಕಂಬ ನೋಡಿ ಆಗಲೇ ದೋಣಿ ಹತ್ತಿ ಹೊರಟುಬಿಟ್ಟಿದ್ದರು. ಹನ್ನೆರಡಕ್ಕೆ ಗಾಳಿ ಹೊರಳಿ ಬಂತು.

ನನಗೆ ಯಾವ ಆದೇಶವೂ ಬಂದಿರಲಿಲ್ಲ. ಫೋನಿನಲ್ಲಿ ಬಂತು ಎಂದು ಪುಸ್ತಕದಲ್ಲಿ ಬರೆದೆ, ವಿಚಾರಣೆಯಲ್ಲೂ ಅದನ್ನೇ ಹೇಳಿದೆ. ದೊಡ್ಡ ಕಚೇರಿಯಲ್ಲಿ ಫೋನಿನ ಬಳಿ ಕೂತಿದ್ದ ಗುಮಾಸ್ತನ ಕೆಲಸ ಹೋಯಿತು. ನೀನು ಇಷ್ಟು ವರ್ಷ ಶಾಪ ಹಾಕುತ್ತಾ ಬಂದದ್ದು ಅವನಿಗೆ. ಪ್ರತಿ ಸಲವೂ ನಾನು ನಿನ್ನ ಪಕ್ಕದಲ್ಲಿ ಕೂತು ಹೂಂಗುಟ್ಟಿದೆ.

ನಿನ್ನ ಯಜಮಾನರು ನನ್ನ ಬುಟ್ಟಿಯನ್ನು ನಂಬುವುದಿಲ್ಲ. ಅಪ್ಪ ನಂಬಿದ್ದರು.

ಇದನ್ನು ಓದಿದ ಮೇಲೆ ನನ್ನ ಮನೆ ಮೆಟ್ಟಿಲು ತುಳಿಯುವುದು ಬೇಡ ಅನ್ನಿಸಿದರೆ, ಬಂದರಿನ ಶಾಲೆಯಲ್ಲಿ ಎಲ್ಲರಿಗೂ ಜಾಗ ಮಾಡಿದ್ದಾರೆ, ಅಲ್ಲಿರು. ಬೈಯುವುದಿದ್ದರೆ ನನ್ನೆದುರು ನಿಂತು ಬೈ, ಕೇಳಿಸಿಕೊಳ್ಳುತ್ತೇನೆ. ಕಾಗದದಲ್ಲಿ ಬರೆದು ಲಾಂಚಿನಲ್ಲಿ ಕಳಿಸಬೇಡ.